ಕಿಲ್ಟ್, ಧೋತ್ರ ಮತ್ತು ನಮ್ಮ ಎಥ್ನಿಕ್ ಡೇ

ಕಳೆದ ವರ್ಷದ ಎಥ್ನಿಕ್ ಡೇ ದಿನ ನಾನು ಧೋತ್ರ ಉಟ್ಟಿದ್ದೆ. ಉಟ್ಟಿದ್ದೆ ಅನ್ನೋದು ಪೂರ್ತಿ ಸತ್ಯ ಅಲ್ಲ, ಹಾಕ್ಕೊಂಡಿದ್ದೆ. ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಧೋತ್ರ ಅದು. ಸೊಂಟಕ್ಕೆ ವೆಲ್ಕ್ರೋ, ಮೊದಲೇ ಹೊಲಿದ ನೆರಿಗೆ, ಮೊಬೈಲ್ ಇಡೋಕೆ ಒಂದು ಜೇಬು. ತಲೆ ಮೇಲೆ ಬಾಡಿಗೆ ತಂದ ಮೈಸೂರು ಪೇಟ. ಫೋಟೋ ತೆಗೆಸಿ ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ.

ಸಂಜೆ ಅಜ್ಜನ ಫೋನ್ ಬಂತು. ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಅಜ್ಜ ಇವತ್ತಿಗೂ ದಿನಾ ಧೋತ್ರ ಉಡ್ತಾನೆ, ರುಮಾಲು ಸುತ್ತುತ್ತಾನೆ. ಫೋಟೋ ನೋಡಿ ಹೇಳಿದ: "ಭಾಳ ಚಂದ ಕಾಣ್ತಿ. ಆದ್ರ ಕಚ್ಚಿ ಎಲ್ಲೈತೋ?" ನಾನು ನಕ್ಕೆ. ಆಮೇಲೆ ಇನ್ನೊಂದು ಕೇಳಿದ: "ಈಗ ನಿಮ್ಮ ಕಾಲೇಜಿನಾಗ ಧೋತ್ರ ನಡೀತದೇನು?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನೋದನ್ನ ಕೊನೆಗೆ ಹೇಳ್ತೀನಿ. ಅದಕ್ಕಿಂತ ಮೊದಲು, ಉತ್ತರ ಹುಡುಕ್ತಾ ನಾನು ಓದಿ ತಿಳಿದುಕೊಂಡ ಒಂದಿಷ್ಟು ವಿಷಯ ನಿಮ್ಮ ಮುಂದೆ ಇಡ್ತೀನಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹ್ಯಾಲಿಫ್ಯಾಕ್ಸ್‌ನಿಂದ ಬಂದ ಫೋಟೋ

ನನ್ನ ಸೋದರತ್ತೆಯ ಮಗ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಎಂ.ಎಸ್. ಮಾಡ್ತಿದ್ದಾನೆ. ನನ್ನ ಫೋಟೋಗೆ ಉತ್ತರವಾಗಿ ಅವನೂ ಎರಡು ಫೋಟೋ ಹಾಕಿದ. ಒಂದರಲ್ಲಿ ಅವನೇ, ಅಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಧೋತ್ರ ಉಟ್ಟು ನಿಂತಿದ್ದ. ಇನ್ನೊಂದರಲ್ಲಿ ಅಲ್ಲಿನ ರಸ್ತೆ ಮೇಲೆ ಕಿಲ್ಟ್ ಹಾಕಿಕೊಂಡು ಬ್ಯಾಗ್‌ಪೈಪ್ ಊದುತ್ತಿರುವ ಗಂಡಸರು. "ಇವರದೂ ನಮ್ಮ ಹಂಗ ಎಥ್ನಿಕ್ ಡೇ ಇರತೈತಿ" ಅಂತ ಬರೆದಿದ್ದ.

ಅದು ತಮಾಷೆ ಅಲ್ಲ, ನಿಜ. ಹ್ಯಾಲಿಫ್ಯಾಕ್ಸ್ ಇರೋದು ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ. ಆ ಹೆಸರಿನ ಅರ್ಥವೇ ಹೊಸ ಸ್ಕಾಟ್ಲೆಂಡ್. 1773ರಲ್ಲಿ ಹೆಕ್ಟರ್ ಎಂಬ ಹಡಗು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನ, ಅಂದರೆ ಉತ್ತರದ ಗುಡ್ಡಗಾಡಿನ, ಜನರನ್ನು ಹೊತ್ತು ಅಲ್ಲಿನ ಪಿಕ್ಟೂ ಬಂದರಿಗೆ ಬಂತು. ಪ್ರತಿ ವರ್ಷ ಏಪ್ರಿಲ್ 6ರಂದು ಟಾರ್ಟನ್ ಡೇ ಆಚರಿಸ್ತಾರೆ. ಟಾರ್ಟನ್ ಅಂದರೆ ಕಿಲ್ಟ್ ಮೇಲಿರುವ ಚೌಕಳಿ ವಿನ್ಯಾಸ. ಈ ದಿನ ಶುರುವಾದದ್ದು ಸ್ಕಾಟ್ಲೆಂಡ್‌ನಲ್ಲಲ್ಲ, 1980ರ ದಶಕದಲ್ಲಿ ಇದೇ ನೋವಾ ಸ್ಕೋಶಿಯಾದಲ್ಲಿ. ಆಮೇಲೆ ಅಮೆರಿಕಕ್ಕೆ ಹೋಯಿತು. ಊರು ಬಿಟ್ಟವರು ಊರಿನ ಬಟ್ಟೆಗೆ ಒಂದು ಹಬ್ಬ ಮಾಡಿದರು.

ಊರಲ್ಲಿದ್ದವರಿಗೆ ಇಲ್ಲದ ಈ ಆಸೆ ಹೊರಗೆ ಹೋದವರಿಗೆ ಯಾಕೆ? ಒಂದು ಸರಳ ಕಾರಣ ಇದೆ. ಹೊಲ, ಮನೆ, ಕೆರೆ ಯಾವುದನ್ನೂ ಹಡಗಲ್ಲೋ ವಿಮಾನದಲ್ಲೋ ಒಯ್ಯೋಕಾಗಲ್ಲ. ಭಾಷೆ ಒಯ್ಯಬಹುದು, ಆದರೆ ಮೊಮ್ಮಕ್ಕಳ ಹೊತ್ತಿಗೆ ಅದು ಸವೆದಿರುತ್ತೆ. ಬಟ್ಟೆ ಮಾತ್ರ ಮಡಚಿ ಬ್ಯಾಗಲ್ಲಿ ಇಡಬಹುದು, ಉಡೋಕೆ ವ್ಯಾಕರಣ ಬೇಕಿಲ್ಲ.

ಕಿಲ್ಟ್‌ಗೂ ಮೊದಲು

ಈಗ ನಾವು ನೋಡುವ ಕಿಲ್ಟ್ ಹೊಲಿದ ಉಡುಪು. ಆದರೆ ಅದರ ಹಳೆಯ ರೂಪ ಹೊಲಿಗೆಯೇ ಇಲ್ಲದ ಉದ್ದನೆಯ ಉಣ್ಣೆ ಬಟ್ಟೆ. ಹೈಲ್ಯಾಂಡ್ಸ್‌ನ ಜನ ಅದನ್ನು ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಅದರ ಮೇಲೆ ಮಲಗಿ ಬೆಲ್ಟ್ ಕಟ್ಟಿಕೊಂಡು ಏಳುತ್ತಿದ್ದರಂತೆ. ಕೆಳಗಿನ ಭಾಗ ಮೊಣಕಾಲಿನವರೆಗೆ, ಮೇಲಿನ ಭಾಗ ಹೆಗಲ ಮೇಲೆ. ಮಳೆ ಬಂದರೆ ತಲೆಗೆ, ರಾತ್ರಿ ಆದರೆ ಹೊದಿಕೆ.

ಇದನ್ನ ಓದುವಾಗ ನನಗೆ ನೆನಪಾದದ್ದು ಅಜ್ಜನ ಕಂಬಳಿ ಮತ್ತು ಧೋತ್ರ. ಎರಡೂ ಕಡೆ ಅದೇ ತತ್ವ: ಬಟ್ಟೆಯನ್ನು ಕತ್ತರಿಸದೆ, ಹೊಲಿಯದೆ, ಬರೀ ನೆರಿಗೆ ಮತ್ತು ಗಂಟಿನಿಂದ ದೇಹಕ್ಕೆ ಹೊಂದಿಸೋದು. ನಮ್ಮ ಭಾಷೇಲಿ ಹೇಳೋದಾದರೆ ಸೈಜ್ ಇಲ್ಲದ ಡಿಸೈನ್. ಅಜ್ಜನ ಧೋತ್ರ ನನಗೂ ಆಗುತ್ತೆ, ಅಪ್ಪನಿಗೂ ಆಗುತ್ತೆ.

18ನೇ ಶತಮಾನದಲ್ಲಿ ಮೇಲಿನ ಭಾಗ ತೆಗೆದು ಬರೀ ಸೊಂಟದ ಕೆಳಗಿನ ಚಿಕ್ಕ ಕಿಲ್ಟ್ ಬಂತು. ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ ಕೆಲಸಗಾರರಿಗೆ ಅನುಕೂಲ ಆಗಲಿ ಅಂತ ಇದನ್ನು ಮಾಡಿಸಿದ ಅನ್ನೋ ಒಂದು ಕಥೆ ಇದೆ. ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪಲ್ಲ. ಆ ಶತಮಾನ ಮುಗಿಯೋ ಹೊತ್ತಿಗೆ ನೆರಿಗೆಗಳನ್ನು ಖಾಯಂ ಆಗಿ ಹೊಲಿಯೋಕೆ ಶುರು ಮಾಡಿದ್ದರು. ಅಂದರೆ ನನ್ನ ವೆಲ್ಕ್ರೋ ಧೋತ್ರದ ದಾರಿಯನ್ನು ಕಿಲ್ಟ್ ಇನ್ನೂರು ವರ್ಷ ಮೊದಲೇ ಹಿಡಿದಿತ್ತು! ಇದರಲ್ಲಿ ತಪ್ಪೇನಿಲ್ಲ. ಬಟ್ಟೆ ಬದಲಾಗುತ್ತೆ.

ನಿಷೇಧ ಮತ್ತು ಮೆರವಣಿಗೆ

ಮುಖ್ಯವಾದ ಪಾಠ ಇಲ್ಲಿಂದ ಶುರು.

ಹೈಲ್ಯಾಂಡ್ಸ್‌ನ ಜನರನ್ನು ದಕ್ಷಿಣದ ಬಯಲಿನ ಸ್ಕಾಟ್‌ಗಳೇ ಕೀಳಾಗಿ ನೋಡ್ತಿದ್ದರು. ಒರಟರು, ದನ ಕದಿಯುವವರು ಅಂತ ಹೆಸರಿಟ್ಟಿದ್ದರು. 1745ರಲ್ಲಿ ಅವರಲ್ಲಿ ಹಲವರು ಬ್ರಿಟಿಷ್ ರಾಜನ ವಿರುದ್ಧ ದಂಗೆ ಎದ್ದರು. 1746ರ ಏಪ್ರಿಲ್ 16ರಂದು ಕಲೋಡನ್ ಕದನದಲ್ಲಿ ಸೋತರು. ಅದೇ ವರ್ಷ ಸರ್ಕಾರ ಒಂದು ಕಾಯ್ದೆ ತಂದಿತು: ಸ್ಕಾಟ್ಲೆಂಡಿನಲ್ಲಿ ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ತೊಡುವಂತಿಲ್ಲ. ಮೊದಲ ಸಲ ಸಿಕ್ಕರೆ 6 ತಿಂಗಳು ಜೈಲು. ಎರಡನೇ ಸಲಕ್ಕೆ 7 ವರ್ಷ ಸಮುದ್ರದಾಚೆಗೆ ಗಡೀಪಾರು. ಕಾಯ್ದೆ 1782ರವರೆಗೆ ಇತ್ತು. ಮೇಲೆ ಹೇಳಿದ ಹೆಕ್ಟರ್ ಹಡಗು ಹೊರಟಾಗ ಕಾಗದದ ಮೇಲೆ ಅದು ಇನ್ನೂ ಜಾರಿಯಲ್ಲಿತ್ತು.

ಆದರೆ ಒಂದು ವಿನಾಯಿತಿ ಇತ್ತು. ಬ್ರಿಟಿಷ್ ಸೈನ್ಯಕ್ಕೆ ಸೇರಿದರೆ ಕಿಲ್ಟ್ ತೊಡಬಹುದು! ನಿನ್ನ ಹೊಲದಲ್ಲಿ ನೀನು ಉಟ್ಟರೆ ಅಪರಾಧ, ನಮ್ಮ ಯುದ್ಧಕ್ಕೆ ಬಂದು ಉಟ್ಟರೆ ಗೌರವ. ಆ ಹೈಲ್ಯಾಂಡ್ ರೆಜಿಮೆಂಟ್‌ಗಳು ನಮ್ಮವರೆಗೂ ಬಂದವು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೈನ್ಯದಲ್ಲಿ ಅವೂ ಇದ್ದವು. ಆಮೇಲೆ 1817-18ರ ಮರಾಠ ಯುದ್ಧದಲ್ಲಿ ನಮ್ಮ ಧಾರವಾಡ ಸೀಮೆಯನ್ನು ಕಂಪನಿಗೆ ಗೆದ್ದುಕೊಟ್ಟ ಥಾಮಸ್ ಮನ್ರೋ ಕೂಡ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವನು. ಸ್ಕಾಟ್ಲೆಂಡ್ ನಮಗೆ ಅಂದುಕೊಂಡಷ್ಟು ದೂರ ಅಲ್ಲ.

1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಬ್ರಿಟಿಷ್ ರಾಜನೊಬ್ಬ ಸ್ಕಾಟ್ಲೆಂಡಿಗೆ ಬಂದದ್ದು ಸುಮಾರು 170 ವರ್ಷಗಳ ನಂತರ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ಕಾರ್ಯಕ್ರಮದ ಹೊಣೆ ಹೊತ್ತಿದ್ದ. ಎಲ್ಲರೂ ಹೈಲ್ಯಾಂಡ್ ಉಡುಪಿನಲ್ಲಿ ಬರಬೇಕು ಅಂತ ಪ್ಲಾನ್ ಮಾಡಿದ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಕಿಲ್ಟ್ ಮುಟ್ಟದ ಬಯಲು ಸೀಮೆಯ ಶ್ರೀಮಂತರೂ ದರ್ಜಿ ಅಂಗಡಿಗೆ ಓಡಿದರು. ರಾಜನೇ ಕಿಲ್ಟ್ ತೊಟ್ಟ, ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲ್ಚೀಲ. ಅಲ್ಲಿಂದ ಮುಂದೆ ಕಿಲ್ಟ್ ಇಡೀ ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪು. 1842ರಲ್ಲಿ ಯಾವ ಮನೆತನಕ್ಕೆ ಯಾವ ಟಾರ್ಟನ್ ಅಂತ ತೋರಿಸುವ ಪುಸ್ತಕವೊಂದು ಬಂತು. ಅದು ಕಟ್ಟುಕಥೆ ಅಂತ ಆಮೇಲೆ ಗೊತ್ತಾಯಿತು. ಆದರೂ ಅದರಲ್ಲಿದ್ದ ವಿನ್ಯಾಸಗಳನ್ನು ಇವತ್ತಿಗೂ ಜನ ಹೆಮ್ಮೆಯಿಂದ ತೊಡುತ್ತಾರೆ.

ನನಗೆ ಬೇಜಾರಾದದ್ದು ಇದಕ್ಕಲ್ಲ. 1822ರ ಆ ಮೆರವಣಿಗೆಗೆ ಕೆಲವೇ ವರ್ಷ ಮೊದಲು, ಹೈಲ್ಯಾಂಡ್ಸ್‌ನ ಸದರ್‌ಲ್ಯಾಂಡ್ ಪ್ರದೇಶದಲ್ಲಿ ಜಮೀನ್ದಾರರು ಕುರಿ ಸಾಕೋದು ಲಾಭ ಅಂತ ಸಾವಿರಾರು ಒಕ್ಕಲು ಜನರನ್ನು ಹೊಲ ಮನೆಗಳಿಂದ ಎಬ್ಬಿಸಿದ್ದರು. ಎಬ್ಬಿಸೋದು ಆಮೇಲೂ ನಿಲ್ಲಲಿಲ್ಲ. ಎಷ್ಟೋ ಜನ ಕೆನಡಾ ದಾರಿ ಹಿಡಿದರು. ಬಟ್ಟೆಗೆ ಮೆರವಣಿಗೆ, ಉಟ್ಟವರಿಗೆ ನೋಟಿಸ್. ಅವರು ಹೆದರಿಕೆ ಹುಟ್ಟಿಸುತ್ತಿದ್ದ ಕಾಲದಲ್ಲಿ ಕಿಲ್ಟ್ ಅಪರಾಧ ಆಗಿತ್ತು. ಅವರು ಸೋತು ಚದುರಿದ ಮೇಲೆ ಅದು ಚಂದ ಕಾಣೋಕೆ ಶುರುವಾಯಿತು.

ನಮ್ಮ ಕಡೆಯ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ನನ್ನ ತಲೆ ಮೇಲಿದ್ದ ಮೈಸೂರು ಪೇಟದ ಕಥೆಯೂ ಸ್ವಲ್ಪ 1822ರ ಹಾಗೇ. ಅದು ಮೈಸೂರು ಅರಮನೆಯ ಪೇಟ. ನಮ್ಮಜ್ಜ ಹುಟ್ಟಿದಾಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1973ರಲ್ಲಿ ಆ ರಾಜ್ಯ ಕರ್ನಾಟಕ ಆಯಿತು. ಈಗ ಬೀದರ್‌ನಲ್ಲಿ ಸನ್ಮಾನ ಆದರೂ ಅದೇ ಪೇಟ, ಅಮೆರಿಕದ ಕನ್ನಡ ಕೂಟದಲ್ಲಿ ಸನ್ಮಾನ ಆದರೂ ಅದೇ ಪೇಟ. ನನ್ನ ಮನೆಯಲ್ಲಿ ಮೂರು ತಲೆಮಾರು ಸುತ್ತಿದ ರುಮಾಲು ಇದ್ದರೂ ಎಥ್ನಿಕ್ ಡೇಗೆ ನನಗೆ ಹೊಳೆದದ್ದು ಬಾಡಿಗೆ ಅಂಗಡಿಯ ಪೇಟ.

ಧೋತ್ರದ ಮೆಕ್ಯಾನಿಕ್ಸ್ ಕೇಳಿ. ಅಜ್ಜನದು ಒಂಬತ್ತು ಮೊಳ, ಅಂದರೆ ಹತ್ತಿರ ಹತ್ತಿರ 4 ಮೀಟರ್. ಬಟ್ಟೆಯ ನಡುಭಾಗ ಬೆನ್ನ ಹಿಂದೆ ಬರೋ ಹಾಗೆ ಹಿಡಿದು, ಎರಡೂ ತುದಿ ಮುಂದೆ ತಂದು ಹೊಕ್ಕಳ ಹತ್ತಿರ ಗಂಟು. ಒಂದು ತುದಿಯನ್ನು ನೆರಿಗೆ ಮಾಡಿ ಕಾಲ ನಡುವಿನಿಂದ ಹಿಂದಕ್ಕೆ ಎಳೆದು ಸಿಕ್ಕಿಸಿದರೆ ಅದೇ ಕಚ್ಚೆ. ಇನ್ನೊಂದು ತುದಿ ಮುಂದೆ ನೆರಿಗೆ. ಹಿಡಿದಿಡೋದು ಬರೀ ಗಂಟು ಮತ್ತು ಘರ್ಷಣೆ. ಕಚ್ಚೆ ಇರೋದರಿಂದ ಕಾಲು ಬೇರೆ ಬೇರೆ ಆಗುತ್ತೆ, ಕುಂಟೆ ಹೊಡೆಯಬಹುದು, ಚಕ್ಕಡಿ ಹತ್ತಬಹುದು, ಸೈಕಲ್ ತುಳಿಯಬಹುದು. ನವಲಗುಂದದ ಎರೆ ಹೊಲದ ಕೆಸರಲ್ಲಾಗಲಿ, ಕಲಘಟಗಿಯ ಭತ್ತದ ಗದ್ದೆಯಲ್ಲಾಗಲಿ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದರೆ ಕೆಲಸದ ಬಟ್ಟೆ, ಇಳಿಬಿಟ್ಟರೆ ಮದುವೆಯ ಬಟ್ಟೆ. ನನ್ನ ವೆಲ್ಕ್ರೋ ಧೋತ್ರದಲ್ಲಿ ಬೆಂಚ್ ಮೇಲೆ ಕೂರೋಕೂ ಭಯ ಇತ್ತು.

ಅಜ್ಜಿಯದು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ. ಇಳಕಲ್ ಸೀರೆಯಲ್ಲೂ ಒಂದು ಒಳ್ಳೆ ಎಂಜಿನಿಯರಿಂಗ್ ಇದೆ. ಅದರ ಒಡಲಿನ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಹೀಗಾಗಿ ಮಗ್ಗದ ಮೇಲೆ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು, ಉದ್ದಕ್ಕೆ ಹತ್ತು ಸೀರೆ ನೇಯ್ದು ಕತ್ತರಿಸೋಕಾಗಲ್ಲ. ನಮ್ಮ ಕ್ಲಾಸಿನ ಹುಡುಗಿಯರಲ್ಲಿ ಅವತ್ತು ನಾಲ್ಕೈದು ಜನ ಇಳಕಲ್ ಉಟ್ಟಿದ್ದರು. ಎಲ್ಲರದೂ ಅಜ್ಜಿಯ ಅಥವಾ ಅಮ್ಮನ ಸೀರೆ. ಆ ವಿಷಯದಲ್ಲಿ ಅವರು ನಮಗಿಂತ ಮುಂದೆ.

ಒಂದೇ ಮನೆಯ ಇಬ್ಬರು

ನಮ್ಮ ಮನೆಯಿಂದ ದೂರ ಹೋದವನು ಹ್ಯಾಲಿಫ್ಯಾಕ್ಸ್‌ನವನು ಒಬ್ಬನೇ ಅಲ್ಲ. ಅಪ್ಪನ ಚಿಕ್ಕಪ್ಪ ಒಬ್ಬ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಹದಿನೈದು ವರ್ಷ ಇದ್ದ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ಹೋಗೋದು ಹಳೆಯ ದಾರಿ. ಅವನೂ ವಲಸೆ ಹೋದವನೇ, ಆದರೆ ಅವನ ಬಗ್ಗೆ ಮಾತಾಡುವಾಗ ಯಾರೂ ಅನಿವಾಸಿ ಅಂತ ಹೇಳಲ್ಲ, ದುಡಿಯಾಕ ಹೋಗಿದ್ದ ಅಂತಾರೆ.

ಈ ಲೇಖನಕ್ಕಾಗಿ ಅವನನ್ನು ಕೇಳಿದೆ: "ಅಜ್ಜಾ, ನೀ ಗೋವಾದಾಗ ಧೋತ್ರ ಉಡ್ತಿದ್ದೇನು?" ಅವನ ಉತ್ತರ: "ಹೋದ ವಾರಕ್ಕ ಬಿಟ್ಟೆ. ಧೋತ್ರ ನೋಡಿದ ಕೂಡಲೇ ಘಾಂಟಿ ಬಂದ ಅಂತಿದ್ರು. ಪ್ಯಾಂಟ್ ಹಾಕ್ಕೊಂಡ್ರ ಕೂಲಿ ಎರಡು ರೂಪಾಯಿ ಜಾಸ್ತಿ ಕೇಳಾಕ ಧೈರ್ಯ ಬರ್ತಿತ್ತು." ಘಾಂಟಿ ಅನ್ನೋದು ಘಟ್ಟದ ಮೇಲಿನವರು ಅನ್ನೋ ಅರ್ಥದ ಮಾತು, ಅಲ್ಲಿ ಕೆಲವರು ಅದನ್ನು ಬೈಗುಳದ ಹಾಗೆ ಬಳಸ್ತಾರೆ.

ಹ್ಯಾಲಿಫ್ಯಾಕ್ಸ್‌ನ ಅಣ್ಣ ಊರಲ್ಲಿದ್ದಾಗ ಒಂದು ದಿನವೂ ಧೋತ್ರ ಉಟ್ಟವನಲ್ಲ, ದೂರ ಹೋಗಿ ಉಟ್ಟ. ಗೋವಾದ ಅಜ್ಜ ಊರಲ್ಲಿ ದಿನಾ ಉಟ್ಟವನು, ದೂರ ಹೋಗಿ ಬಿಟ್ಟ. ಅದೇ ಧೋತ್ರ, ಅದೇ ಮನೆತನ. ಒಬ್ಬನಿಗೆ ಅದು ಗುರುತು ಹೇಳಿಕೊಳ್ಳುವ ದಾರಿ, ಇನ್ನೊಬ್ಬನಿಗೆ ಸಿಕ್ಕಿಬೀಳುವ ದಾರಿ. ಎಂ.ಎಸ್. ಓದುವವನು ಧೋತ್ರ ಉಟ್ಟರೆ ಅವನನ್ನು ಯಾರೂ ಕಡಿಮೆ ಅಂದುಕೊಳ್ಳಲ್ಲ. ಮರುದಿನ ಅವನು ಜೀನ್ಸ್ ಹಾಕ್ಕೊಂಡು ಲ್ಯಾಬಿಗೆ ಹೋಗ್ತಾನೆ. ಬಿಚ್ಚಿಡಬಲ್ಲವನಿಗೆ ಮಾತ್ರ ಅದು ಸಂಭ್ರಮ. ನನ್ನ ಎಥ್ನಿಕ್ ಡೇ ಕೂಡ ಹಾಗೇ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ.

ಗೇಟಿನ ಹತ್ತಿರ

2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಡಿಯೋ ಎಲ್ಲ ಕಡೆ ಹರಡಿತು, ಪ್ರತಿಭಟನೆ ಆಯಿತು, ಸರ್ಕಾರ 7 ದಿನ ಮಾಲ್ ಮುಚ್ಚಿಸಿತು. ಎಥ್ನಿಕ್ ಡೇಗೆ ನಾವು ಹಾಕೋ ಬಟ್ಟೆಯೂ ಪಂಚೆಯೇ, ಆ ರೈತರು ಉಟ್ಟದ್ದೂ ಪಂಚೆಯೇ.

ಅದೇ ಜುಲೈ ತಿಂಗಳ 21ನೇ ತಾರೀಕು ನವಲಗುಂದದಲ್ಲಿ ಪ್ರತಿ ವರ್ಷ ರೈತ ಹುತಾತ್ಮರ ದಿನ. 1980ರಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ನವಲಗುಂದ, ನರಗುಂದದ ರೈತರು ಎದ್ದಾಗ ಗೋಲಿಬಾರ್ ಆಗಿತ್ತು. ಅಲ್ಲಿ ಸೇರುವ ಜನರ ಹೆಗಲ ಮೇಲೆ ಹಸಿರು ಶಾಲು. ಅದು ಸಾವಿರ ವರ್ಷದ ಸಂಪ್ರದಾಯ ಅಲ್ಲ, ರೈತ ಚಳವಳಿಯ ಜೊತೆ ಬಂದದ್ದು. ಆದರೂ ಅದರ ಹಿಂದೆ ಒಂದು ಕಾರಣ ಇದೆ, ಉಟ್ಟವನಿಗೆ ಆ ಕಾರಣ ಗೊತ್ತಿದೆ. ಒಂದು ಬಟ್ಟೆ ಎಷ್ಟು ಹಳೆಯದು ಅನ್ನೋದಕ್ಕಿಂತ ಇದು ದೊಡ್ಡದು ಅಂತ ನನಗನಿಸುತ್ತೆ.

ಮಾಲ್ ವಿಡಿಯೋ ಬಂದಾಗ ನಾನೂ ಸಿಟ್ಟಿನಿಂದ ಸ್ಟೇಟಸ್ ಹಾಕಿದ್ದೆ. ಈಗ ಮೊದಲು ಹೇಳಿದ ಮಾತಿಗೆ ಬರ್ತೀನಿ.

ಮೊದಲ ವರ್ಷದ ಅಡ್ಮಿಷನ್ ದಿನ ಅಪ್ಪನಿಗೆ ಜ್ವರ ಇತ್ತು. ಅಜ್ಜ ಬಂದ. ಅಣ್ಣಿಗೇರಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಿಸಿ, ರಾತ್ರಿಯೆಲ್ಲ ಕೂತು ಬಂದಿದ್ದೆವು. ಒಗೆದ ಧೋತ್ರ, ಬಿಳಿ ನೆಹರು ಶರ್ಟು, ರುಮಾಲು, ಹೆಗಲ ಮೇಲೆ ವಲ್ಲಿ. ಫೀಸಿನ ದುಡ್ಡು ಅವನ ಬನಿಯನ್ ಜೇಬಲ್ಲಿತ್ತು. ಕಾಲೇಜಿನ ಒಳಗೆ ಬಂದ ಮೇಲೆ ಬೇರೆ ಹುಡುಗರ ಅಪ್ಪ ಅಮ್ಮಂದಿರನ್ನು ನೋಡಿದೆ. ಎಲ್ಲರೂ ಇಂಗ್ಲಿಷ್‌ನಲ್ಲಿ ಮಾತಾಡ್ತಿದ್ದರು. ನಾನು ಅಜ್ಜನಿಗೆ ಹೇಳಿದೆ: "ನೀ ಇಲ್ಲೇ ಗಿಡದ ನೆಳ್ಳಾಗ ಕುಂದ್ರು. ಒಳಗ ಭಾಳ ಗದ್ದಲ ಐತಿ."

ಒಳಗೆ ಗದ್ದಲ ಇರಲಿಲ್ಲ. ಕುರ್ಚಿಗಳು ಖಾಲಿ ಇದ್ದವು. ಅಜ್ಜ ಎರಡೂವರೆ ತಾಸು ಹೊರಗೆ ಕೂತಿದ್ದ. ದುಡ್ಡು ಎಣಿಸಿ ನನ್ನ ಕೈಗೆ ಕೊಟ್ಟು, "ರಶೀದಿ ಇಸ್ಕೊ" ಅಂದ, ಅಷ್ಟೇ.

ಕಾಲೇಜಿನ ಗೇಟಿನಲ್ಲಿ ಅಜ್ಜನನ್ನು ಯಾರೂ ತಡೆಯಲಿಲ್ಲ. ವಾಚ್‌ಮನ್ ನಮಸ್ಕಾರ ಕೂಡ ಮಾಡಿದ್ದ. ತಡೆದದ್ದು ನಾನು. ಒಂದು ವರ್ಷದ ಮೇಲೆ ಅದೇ ಗಿಡದ ಹತ್ತಿರ ವೆಲ್ಕ್ರೋ ಧೋತ್ರ ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಅದಕ್ಕೇ ಅವನು ಕೇಳಿದ್ದು, ಈಗ ನಿಮ್ಮ ಕಾಲೇಜಿನಾಗ ಧೋತ್ರ ನಡೀತದೇನು ಅಂತ. ಚುಚ್ಚೋಕೆ ಕೇಳಲಿಲ್ಲ, ನಿಜವಾಗಿ ರೂಲ್ಸ್ ಬದಲಾಯಿತೇನೋ ಅಂತಲೇ ಕೇಳಿದ.

ಕೊನೆಗೆ

ಸ್ಕಾಟ್ಲೆಂಡಿನ ಕಥೆಯಿಂದ ನಾನು ಕಲಿತದ್ದು ಇಷ್ಟು. ಬಟ್ಟೆಯನ್ನು ಗೌರವಿಸೋದು ಸುಲಭ, ದಿನಾ ಉಡುವವರನ್ನು ಗೌರವಿಸೋದು ಕಷ್ಟ. ಎರಡೂ ಒಂದೇ ಅಂತ ನಾವು ತಿಳಿದುಕೊಳ್ತೀವಿ, ಆದರೆ ಮೊದಲನೆಯದು ಎರಡನೆಯದನ್ನು ಮುಚ್ಚಿಹಾಕಬಹುದು. ಎಥ್ನಿಕ್ ಡೇ ಬೇಡ ಅಂತ ನಾನು ಹೇಳ್ತಿಲ್ಲ. ನೋವಾ ಸ್ಕೋಶಿಯಾದವರ ಪ್ರೀತಿಯೂ ಸುಳ್ಳಲ್ಲ, ನನ್ನ ಅಣ್ಣನ ಯುಗಾದಿಯೂ ಸುಳ್ಳಲ್ಲ. ಅದು ಅಲ್ಲಿಗೇ ನಿಲ್ಲಬಾರದು ಅಷ್ಟೇ.

ದಸರಾ ರಜೆಗೆ ಊರಿಗೆ ಹೋದಾಗ ಅಜ್ಜನ ಹತ್ತಿರ ಧೋತ್ರ ಉಡೋದು ಕಲಿತೆ. ಆರನೇ ಸಲಕ್ಕೆ ನಿಂತಿತು. ಕ್ಷಮೆ ಕೇಳಬೇಕು ಅಂದುಕೊಂಡಿದ್ದೆ, ಬಾಯಿಗೆ ಬರಲಿಲ್ಲ. "ಅಜ್ಜಾ, ಈ ಸಲ ಕಾಲೇಜಿಗೆ ಬಾ, ಕ್ಲಾಸ್‌ರೂಮ್ ತೋರಿಸ್ತೀನಿ" ಅಂದೆ. ಹಿಂಗಾರಿ ಕಡಲೆ ಬಿತ್ತನೆ ನಡೆದಿತ್ತು. "ಬಿತ್ತಿಗಿ ಮುಗೀಲಿ, ನೋಡೂಣು" ಅಂದ.

ನಮ್ಮ ಕನ್ನಡ ಸಂಘಕ್ಕೆ ನನ್ನದೊಂದು ಮನವಿ. ಮುಂದಿನ ಎಥ್ನಿಕ್ ಡೇಗೆ ಬಹುಮಾನ ಕೊಡೋಕೆ ಸೆಲೆಬ್ರಿಟಿ ಬೇಡ. ನಮ್ಮಲ್ಲೇ ಯಾರದಾದರೂ ಅಜ್ಜ, ಅಜ್ಜಿ, ದಿನಾ ಧೋತ್ರ ಅಥವಾ ಇಳಕಲ್ ಉಡುವವರನ್ನು ಕರೆಸೋಣ. ಆಡಿಟೋರಿಯಂನ ಮೊದಲ ಸಾಲಲ್ಲಿ ಕೂರಿಸೋಣ. ಧೋತ್ರ ಉಡೋದು, ರುಮಾಲು ಸುತ್ತೋದು ಒಂದು ಗಂಟೆ ಅವರಿಂದ ಕಲಿಯೋಣ. ನಮ್ಮಜ್ಜ ಬರ್ತಾನೆ ಅಂತ ನಾನು ಹೇಳ್ತೀನಿ. ಕಡಲೆ ರಾಶಿ ಮುಗಿದಿರಬೇಕು, ಅಷ್ಟೇ.